ಆಯಿಯ ಡಬ್ಬಿ

ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ನನ್ನದಲ್ಲ, ಪಕ್ಕದ ಮನೆಯ ಆಯಿಯದ್ದು. ಅವರದ್ದೂ ಅಲ್ಲವೇನೋ. ಡಬ್ಬಿಯ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಒಬ್ಬರ ಹೆಸರು ಕೊರೆದಿದೆ, ಮುಚ್ಚಳದ ಮೇಲೆ ಇನ್ನೊಬ್ಬರ ಹೆಸರು. ಎರಡೂ ಆಯಿಯ ಮನೆಯವರ ಹೆಸರಲ್ಲ. ಮುಚ್ಚಳ ಕೂರಬೇಕಾದರೆ ಅಂಗೈಯಿಂದ ಎರಡು ಸಲ ಗುದ್ದಬೇಕು. ಒಂಬತ್ತು ವರ್ಷದಿಂದ ಇದು ನಮ್ಮಿಬ್ಬರ ಮನೆಯ ನಡುವೆ ಓಡಾಡುತ್ತಾ ಇದೆ. ಮೊನ್ನೆ ಇದನ್ನು ತೊಳೆಯುವಾಗ, ಈ ಊರಿಗೆ ಬಂದ ಹೊಸದರಲ್ಲಿ ಇದೇ ಡಬ್ಬಿಯ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ನೆನಪಾಯಿತು. ಅದು ತಪ್ಪು ಅಂತ ಗೊತ್ತಾಗುವುದಕ್ಕೇ ನನಗೆ ಹತ್ತು ತಿಂಗಳು ಹಿಡಿದಿತ್ತು.

ನಾನು ಪುತ್ತೂರಿನ ಕಡೆಯವಳು. ಮನೆಮಾತು ತುಳು, ಕೆಲಸ ಬ್ಯಾಂಕಿನಲ್ಲಿ. 2016ರ ಜೂನ್‌ನಲ್ಲಿ ಕಲಬುರಗಿಗೆ ವರ್ಗ ಆಯಿತು ಅಂದಾಗ ಮನೆಯಲ್ಲಿ ಒಂಥರಾ ಸೂತಕದ ಕಳೆ. ಅಲ್ಲಿ ಬಿಸಿಲಂತೆ, ನೀರಿಲ್ಲವಂತೆ, ಅನ್ನ ಸಿಗುವುದಿಲ್ಲವಂತೆ. ನಮ್ಮ ಬಂಧುಬಳಗದಲ್ಲಿ ಕಲಬುರಗಿ ನೋಡಿದವರು ಒಬ್ಬರೂ ಇರಲಿಲ್ಲ, ಆದರೆ ಎಲ್ಲರಿಗೂ ಎಲ್ಲ ಗೊತ್ತಿತ್ತು. ನಾವು ಹೀಗೆ ಅಂದುಕೊಳ್ಳುತ್ತೇವೆ ಅನ್ನುವುದು ಇಲ್ಲಿಯವರಿಗೂ ಚೆನ್ನಾಗಿ ಗೊತ್ತು ಅಂತ ಬಂದ ಮೇಲೆ ತಿಳಿಯಿತು. ಮೊದಲ ವಾರವೇ ಒಬ್ಬ ಗ್ರಾಹಕರು ಕೌಂಟರಿಗೆ ಮೊಣಕೈ ಊರಿ, ನಗುತ್ತಾ ಕೇಳಿದರು: "ಏನ್ ಮೇಡಂ, ಪನಿಷ್ಮೆಂಟ್ ಮ್ಯಾಲ ಬಂದೀರೇನು?" ನಾನು ಇಲ್ಲ ಇಲ್ಲ ಅಂದೆ. ನನ್ನ ಮುಖ ಹೌದು ಅಂದಿರಬೇಕು.

ಇನ್ನೊಂದು ಪ್ರಶ್ನೆಯೂ ಬರುತ್ತಿತ್ತು. "ನಿಮ್ ಕಡಿ ಮಂದಿ ಒಂದು ಬ್ಯಾಂಕು, ಇಲ್ಲಂದ್ರ ಹೋಟೆಲ್, ಹೌದಿಲ್ರಿ?" ಅದಕ್ಕೆ ಇಲ್ಲ ಅನ್ನುವುದು ಕಷ್ಟ. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಐದೂ ಹುಟ್ಟಿದ್ದು 1906ರಿಂದ 1931ರ ಒಳಗೆ ನಮ್ಮ ಮಂಗಳೂರು ಉಡುಪಿಯಲ್ಲೇ. ಅವುಗಳಲ್ಲಿ ಮೂರು ಈಗ ಬೇರೆ ಬ್ಯಾಂಕುಗಳಲ್ಲಿ ಕರಗಿಹೋಗಿವೆ, ಅದು ಬೇರೆ ಕತೆ. ಒಟ್ಟಿನಲ್ಲಿ ಲೆಕ್ಕ ಬರೆಯುವುದು ನಮ್ಮವರ ರಕ್ತದಲ್ಲೇ ಇದೆ ಅಂತ ಇಲ್ಲಿ ಒಂದು ನಂಬಿಕೆ. ನನ್ನ ಮಟ್ಟಿಗೆ ಅದು ಪೂರ್ತಿ ನಿಜ. ಸಂಜೆ ಕ್ಯಾಶ್ ಹತ್ತು ರೂಪಾಯಿ ತಾಳೆಯಾಗದಿದ್ದರೆ ನನಗೆ ಊಟ ಸೇರುವುದಿಲ್ಲ.

ಹಿಂಡಿ

ಬ್ರಹ್ಮಪುರದ ಒಂದು ಓಣಿಯಲ್ಲಿ ಮನೆ ಸಿಕ್ಕಿತ್ತು. ಗೋಡೆಗೆ ಗೋಡೆ ಅಂಟಿದ ಮನೆಗಳು, ಶಹಾಬಾದ್ ಕಲ್ಲಿನ ನೆಲ. ನಮ್ಮೂರಿನಲ್ಲಿ ಪಕ್ಕದ ಮನೆ ಅಂದರೆ ಅಡಿಕೆ ತೋಟ ದಾಟಿ, ಸಂಕ ದಾಟಿ ಹೋಗಬೇಕು. ಇಲ್ಲಿ ಆಯಿ ರೊಟ್ಟಿ ಬಡಿಯುವ ಸದ್ದಿಗೆ ನನಗೆ ಬೆಳಗ್ಗೆ ಎಚ್ಚರ. ಬಂದು ಎರಡನೇ ಭಾನುವಾರ, ಹನ್ನೊಂದು ಗಂಟೆಯ ಹೊತ್ತಿಗೆ ಆಯಿ ಬಾಗಿಲಲ್ಲಿ ನಿಂತಿದ್ದರು. ಬಾಗಿಲು ತಟ್ಟಲಿಲ್ಲ, ಸೀದಾ ತಳ್ಳಿದರು. ಒಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಇನ್ನೊಂದು ಕೈಯಲ್ಲಿ ಈ ಡಬ್ಬಿ.

"ಮೇಡಂ, ಹಿಂಡಿ ತಂದೀನಿ. ರೊಟ್ಟಿ ಕೂಡ ತಿನ್ರಿ."

ಹಿಂಡಿ. ನಮ್ಮಲ್ಲಿ ಹಿಂಡಿ ಅಂದರೆ ದನಕ್ಕೆ ಹಾಕುವುದು. ನನ್ನ ಅಜ್ಜಿ ದಿನಾ ಸಂಜೆ ನೆಲಗಡಲೆ ಹಿಂಡಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಅಕ್ಕಚ್ಚಿನ ಜೊತೆ ಕಲಸಿ ದನದ ಮುಂದೆ ಇಡುತ್ತಿದ್ದರು. ಆ ವಾಸನೆ ಮೂಗಿಗೆ ಬಂದ ಹಾಗಾಯಿತು. ಏನು ಹೇಳಬೇಕೋ ತಿಳಿಯದೆ, ನನಗೆ ಬಾಯಿಪಾಠ ಆಗಿದ್ದದ್ದನ್ನೇ ಹೇಳಿದೆ. "ಅಯ್ಯೋ ಬೇಡ ಬೇಡ, ಸುಮ್ನೆ ನಿಮಗೆ ತೊಂದರೆ." ಆಯಿಗೆ ಆ ಮಾತು ಕೇಳಿಸಲೇ ಇಲ್ಲ. ಕೇಳಿಸಿತು, ಆದರೆ ಅದನ್ನು ಮಾತು ಅಂತ ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಎರಡನ್ನೂ ಇಟ್ಟು, "ಮ್ಯಾಲ ಒಂದೀಟು ಎಣ್ಣಿ ಹಾಕ್ಕೋರಿ" ಅಂತ ಹೇಳಿ ಹೋದರು. ಮುಚ್ಚಳ ತೆಗೆದರೆ ಕೆಂಪಗೆ, ತರಿತರಿಯಾಗಿ ಕುಟ್ಟಿದ ಶೇಂಗಾ, ಬೆಳ್ಳುಳ್ಳಿ, ಖಾರ. ನಾವು ಚಟ್ನಿಪುಡಿ ಅನ್ನುವುದು. ನಾಲ್ಕು ರೊಟ್ಟಿ ನಿಂತಲ್ಲೇ ಮುಗಿಸಿದೆ, ಒಸಡು ತರಚಿತು.

ಆಮೇಲೆ ನಾನು ಮಾಡಿದ್ದು ಇಷ್ಟು. ಡಬ್ಬಿಯಲ್ಲಿ ಉಳಿದದ್ದನ್ನು ಬಾಟಲಿಗೆ ತುಂಬಿದೆ. ಡಬ್ಬಿ ತೊಳೆದೆ, ಒರೆಸಿದೆ. ಖಾಲಿ ಕೊಡಬಾರದು ಅಂತ ನನಗೂ ಗೊತ್ತಿತ್ತು. ಸೂಪರ್ ಮಾರ್ಕೆಟ್ ತನಕ ಆಟೋದಲ್ಲಿ ಹೋಗಿ ಅರ್ಧ ಕಿಲೋ ಪೇಡೆ ತಂದು ತುಂಬಿಸಿ, ಅದೇ ಸಂಜೆ ಐದು ಗಂಟೆಗೆ ಆಯಿಯ ಕೈಗೆ ಕೊಟ್ಟೆ. ಆರು ತಾಸಿನ ಒಳಗೆ. ನನಗೆ ಹೆಮ್ಮೆಯೇ ಆಗಿತ್ತು.

ಆಯಿ ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಇಷ್ಟ್ ಜಲ್ದಿ ಯಾಕ್ರೀ ಮೇಡಂ? ಲೆಕ್ಕ ಚುಕ್ತಾ ಮಾಡ್ಲಾಕ ಬಂದೀರೇನು?" ಅವರು ನಕ್ಕರು. ಒಳಗೆ ಅವರ ಸೊಸೆ ನಕ್ಕಳು. ತಮಾಷೆ ಅಂದುಕೊಂಡು ನಾನೂ ನಕ್ಕೆ. ಅದಾದ ಮೇಲೆ ಹತ್ತು ತಿಂಗಳು ಡಬ್ಬಿ ನಮ್ಮ ಮನೆಗೆ ಬರಲಿಲ್ಲ. ಸಿಟ್ಟೇನೂ ಇರಲಿಲ್ಲ. ಎದುರು ಸಿಕ್ಕರೆ "ಊಟ ಆಯ್ತೇನ್ರಿ?" ಅಂತ ಕೇಳುತ್ತಿದ್ದರು. ಆಯ್ತು ಅನ್ನುತ್ತಿದ್ದೆ. ಅಲ್ಲಿಗೆ ಮುಗಿಯಿತು. ಸಂಜೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ನಾನು ಅವರಿಗೆ ತೊಂದರೆ ಆಗಬಾರದು ಅಂತ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಅದಕ್ಕೆ ಓಣಿಯಲ್ಲಿ ಸೊಕ್ಕು ಅನ್ನುತ್ತಿದ್ದರಂತೆ. ಇದನ್ನು ಎಷ್ಟೋ ವರ್ಷ ಆದ ಮೇಲೆ ಆಯಿಯ ಸೊಸೆಯೇ ಹೇಳಿದ್ದು, ರೊಟ್ಟಿ ಹಿಟ್ಟು ನಾದುತ್ತಾ, ತುಂಬಾ ಖುಷಿಯಿಂದ.

ಉಂಟೋ, ಅದನೋ

ನಮ್ಮ ಶಾಖೆಯಲ್ಲಿ ತಮಿಳುನಾಡಿನಿಂದ ಬಂದ ಒಬ್ಬ ಹುಡುಗ ಇದ್ದ. ಅವನಿಗೆ ಕನ್ನಡ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಅವನು ಏನು ತಪ್ಪು ಮಾಡಿದರೂ ಮಾಫಿ. ಕೈ ತೋರಿಸಿ, ನಕ್ಕು, ಹೇಗೋ ಕೆಲಸ ಮುಗಿಸುತ್ತಿದ್ದರು. ನನ್ನದು ಹಾಗಲ್ಲ. ನನಗೆ ಕನ್ನಡ ಬರುತ್ತದೆ. ಅದೇ ತೊಂದರೆ ಆಗಿದ್ದು. ಭಾಷೆ ಒಂದೇ ಅಂದಮೇಲೆ ಎಲ್ಲ ಗೊತ್ತಿರಬೇಕು, ಗೊತ್ತಿದ್ದೂ ಮಾಡದಿದ್ದರೆ ಬೇಕಂತಲೇ ಮಾಡಲಿಲ್ಲ ಅಂತ ಅರ್ಥ. ಬೇರೆ ದೇಶಕ್ಕೆ ಹೋದವರಿಗೆ ಸಿಗುವ ರಿಯಾಯಿತಿ ಬೇರೆ ಜಿಲ್ಲೆಗೆ ಹೋದವರಿಗೆ ಸಿಗುವುದಿಲ್ಲ.

ಸೇಡಂ ರಸ್ತೆಯಲ್ಲಿ, ಮಳಖೇಡದ ಹತ್ತಿರದ ಶಾಖೆ ಅದು. ಒಂದು ದಿನ ಒಬ್ಬ ಅಜ್ಜ ಪಾಸ್‌ಬುಕ್ ಮುಂದಿಟ್ಟರು. "ಯವ್ವಾ, ರೊಕ್ಕ ಎಷ್ಟ ಅದ ನೋಡು." ನಾನು ನೋಡಿ ಹೇಳಿದೆ, "ಅಜ್ಜ, ಎರಡು ಸಾವಿರದ ಮುನ್ನೂರು ಉಂಟು." ಅಜ್ಜನ ಮುಖ ಗಂಭೀರ ಆಯಿತು. "ಉಂಟು ಅಂದ್ರ? ಅದನೋ, ಇಲ್ಲೋ?" ಉಂಟು ಅಜ್ಜ. "ಅದs ಕೇಳ್ಲಾಕತ್ತೀನಿ, ಅದನೋ ಇಲ್ಲೋ?" ಸಾಲಿನಲ್ಲಿ ನಿಂತವರೆಲ್ಲ ನಗಲು ಶುರು ಮಾಡಿದರು. ಅವತ್ತಿನಿಂದ ನಾನು 'ಉಂಟು ಮೇಡಂ'. ಹುಗ್ಗಿ ಅಂದರೆ ಪೊಂಗಲ್ ಅಂತ ತಿಳಿದು ಉಪ್ಪಿನಕಾಯಿ ಕೇಳಿದ್ದೂ ಆಯಿತು, ಅದು ಗೋಧಿ ಬೆಲ್ಲದ ಸಿಹಿ. ಮಾಳಿಗೆ ಮೇಲೆ ಮಲಗುತ್ತೇವೆ ಅಂದಾಗ, ಇಷ್ಟು ಸಣ್ಣ ಮನೆಗೆ ಉಪ್ಪರಿಗೆ ಎಲ್ಲಿಂದ ಬಂತು ಅಂತ ಮೇಲೆ ನೋಡಿದ್ದೂ ಆಯಿತು. ಇವರಿಗೆ ಮಾಳಿಗೆ ಅಂದರೆ ತಾರಸಿ.

ಆಗ ನಾನು ಒಂದು ಉಪಾಯ ಮಾಡಿದೆ. ಎಲ್ಲದಕ್ಕೂ 'ರಿ' ಹಚ್ಚುವುದು. ಬರ್ರಿ, ಹೋಗ್ರಿ, ಹೌದ್ರಿ. ಒಮ್ಮೆ ಬಾಗಿಲಿಗೆ ಬಂದ ನಾಯಿಗೆ "ಹೋಗ್ರಿ, ಹೋಗ್ರಿ" ಅಂದದ್ದನ್ನು ಎದುರುಮನೆಯ ಮಕ್ಕಳು ಕೇಳಿಸಿಕೊಂಡವು. ಮರುದಿನ ಇಡೀ ಓಣಿಗೆ ಗೊತ್ತಾಯಿತು. ಶಾಖೆಯ ಜವಾನ ಮಾಮ ಒಂದು ದಿನ ಚಾ ಕೊಡುತ್ತಾ ಹೇಳಿದರು: "ಮೇಡಂ, ನೀವು ನಿಮ್ಮಂಗ ಮಾತಾಡ್ರಿ. ನಮ್ಮಂಗ ಮಾತಾಡಿದ್ರ ನಮ್ಮನ್ನ ಅಣಕಿಸಿದಂಗ ಕೇಳಸ್ತದ." ನನಗೆ ಹಾಗನ್ನಿಸಿಯೇ ಇರಲಿಲ್ಲ. ಅವತ್ತು ಸಂಜೆಯ ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದೆ. ಈಗ ಮನೆಯಲ್ಲಿ ನನ್ನದೇ ಕನ್ನಡ, ಅದರ ನಡುವೆ ತಾನಾಗಿ ಬಂದಷ್ಟು ಇಲ್ಲಿಯದ್ದು. ತಾಸು, ರೊಕ್ಕ, ಪಗಾರ, ಖರೆ, ಇವು ಯಾವಾಗ ಸೇರಿಕೊಂಡವೋ ಗೊತ್ತಿಲ್ಲ.

ಮಳಖೇಡ ಅಂದರೆ ಹಳೆಯ ಮಾನ್ಯಖೇಟ ತಾನೇ. ರಾಷ್ಟ್ರಕೂಟರ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೇ ಶತಮಾನದಲ್ಲಿ, 'ಕವಿರಾಜಮಾರ್ಗ' ಹುಟ್ಟಿದ ಜಾಗ. ಕನ್ನಡ ಎಷ್ಟು ಬಗೆ ಅಂದರೆ ಸಾವಿರ ನಾಲಿಗೆಯ ವಾಸುಕಿಗೂ ಅವುಗಳ ತಪ್ಪು ಎಣಿಸಿ ಬೇಸರ ಬಂದೀತು ಅಂತ ಅದರಲ್ಲೇ ಒಂದು ಪದ್ಯ ಇದೆ. ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆ ಪದ್ಯ ಹುಟ್ಟಿದ ಊರಿನ ಪಕ್ಕದಲ್ಲೇ ಕೂತು, 'ಸರಿಯಾದ ಕನ್ನಡ' ನನ್ನದು ಅಂತ ಒಂದು ವರ್ಷ ನಂಬಿದ್ದೆ.

ಬಿಸಿಲಿಗೆ ಬಿದ್ದದ್ದು

ನಮ್ಮ ಊರಿನ ಸೆಕೆಗೂ ಇಲ್ಲಿಯ ಬಿಸಿಲಿಗೂ ಸಂಬಂಧವೇ ಇಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಗಾಳಿ ತುಂಬಾ ನೀರು. ಬೆವರು ಹರಿಯುತ್ತದೆ, ಅಂಗಿ ಅಂಟುತ್ತದೆ, ಬಾಯಾರಿಕೆ ಆಗುತ್ತದೆ, ಕುಡಿಯುತ್ತೀರಿ. ಇಲ್ಲಿ ಮಳೆ ಅದರ ಐದನೇ ಒಂದು ಪಾಲು. ಏಪ್ರಿಲ್ ಬಂತೆಂದರೆ 42 ಡಿಗ್ರಿ ದಾಟುತ್ತದೆ, ಆದರೆ ಮೈ ಒಣಗಿಯೇ ಇರುತ್ತದೆ. ಬೆವರು ಬಂದದ್ದೇ ಕಾಣುವುದಿಲ್ಲ, ಬರುತ್ತಲೇ ಆರಿಹೋಗುತ್ತದೆ. ಇಲ್ಲಿ ಕೂಲರ್ ಕೆಲಸ ಮಾಡುವುದೂ ಅದಕ್ಕೇ. ಒದ್ದೆ ಹುಲ್ಲಿನ ಪಟ್ಟಿಯ ಮೇಲಿಂದ ಒಣಗಾಳಿ ಹಾದು ಬಂದರೆ ತಣ್ಣಗಾಗುತ್ತದೆ. ಇದೇ ಕೂಲರನ್ನು ಪುತ್ತೂರಿಗೆ ಒಯ್ದರೆ ಕೋಣೆಯಲ್ಲಿ ಬೂಸ್ಟು ಬೆಳೆಯಬಹುದು, ಅಷ್ಟೇ. ಏಪ್ರಿಲ್ ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ನಮ್ಮ ಶಾಖೆಗೆ ಆ ಭಾಗ್ಯ ಇರಲಿಲ್ಲ.

2017ರ ಮೇ. ಮೈ ಒದ್ದೆಯಾಗಲಿಲ್ಲ ಅಂದರೆ ಆರಾಮಾಗಿದ್ದೇನೆ ಅಂತ ನನ್ನ ಲೆಕ್ಕ. ದಿನಕ್ಕೆ ಒಂದು ಬಾಟಲಿ ನೀರು, ತಲೆಗೆ ಬಟ್ಟೆ ಇಲ್ಲ. ಒಂದು ಮಧ್ಯಾಹ್ನ ಕೆಲಸದ ಮೇಲೆ ಕಲಬುರಗಿಗೆ ವಾಪಸ್ ಬಂದವಳಿಗೆ ಬಸ್ ಇಳಿದಾಗಲೇ ಕಣ್ಣು ಮಂಜು. ಓಣಿ ಮುಟ್ಟಿದ್ದು ನೆನಪಿದೆ. ಬೀಗಕ್ಕೆ ಕೀಲಿ ಹಾಕಲು ಹೋದದ್ದು ನೆನಪಿದೆ. ಆಮೇಲೆ ನೆನಪಿರುವುದು ಪಾದಕ್ಕೆ ಯಾರೋ ಏನೋ ತಿಕ್ಕುತ್ತಿದ್ದದ್ದು, ಘಾಟು ವಾಸನೆ. ಉಳ್ಳಾಗಡ್ಡಿ. ಆಯಿ ನನ್ನ ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕುತ್ತಿದ್ದರು, ಸೊಸೆ ಒದ್ದೆ ಬಟ್ಟೆ ಕುತ್ತಿಗೆಗೆ ಇಡುತ್ತಿದ್ದಳು. ನಾನು ಅವರ ಮನೆಯ ನಡುಮನೆಯಲ್ಲಿ, ಶಹಾಬಾದ್ ಕಲ್ಲಿನ ಮೇಲೆ ಮಲಗಿದ್ದೆ. ಕೆನ್ನೆಗೆ ತಾಗಿದ ಆ ಕಲ್ಲಿನ ತಂಪು ಇವತ್ತಿಗೂ ನೆನಪಿದೆ. ಅದರ ಮೇಲೆ ಒಂದು ಇರುವೆ ಹೋಗುತ್ತಿತ್ತು, ಅದನ್ನೇ ನೋಡುತ್ತಿದ್ದೆ. ಆಯಿಯ ಗಂಡ, ಕಾಕಾ ಅಂತ ಕರೆಯುತ್ತೇನೆ, ಆಟೋ ತಂದರು. ದವಾಖಾನೆಯಲ್ಲಿ ಎರಡು ಬಾಟಲಿ ಸಲೈನ್ ಏರಿಸಿದರು. ಉಳ್ಳಾಗಡ್ಡಿಯಿಂದ ಗುಣ ಆಯಿತೋ ಸಲೈನಿನಿಂದಲೋ ಅಂತ ಕೇಳಿದರೆ ನಾನು ಸಲೈನ್ ಅಂತಲೇ ಹೇಳುವುದು. ಆಯಿಯ ಎದುರು ಹೇಳುವುದಿಲ್ಲ.

ನಾಲ್ಕು ದಿನ ಅವರ ಮನೆಯಲ್ಲೇ ಇದ್ದೆ. ಮಜ್ಜಿಗೆ, ಅಂಬಲಿ, ಸುಟ್ಟ ಮಾವಿನಕಾಯಿಯ ಪಾನಕ. ಬೇಡ ಅಂದರೆ ಲೋಟ ಬಾಯಿಗೇ ಬರುತ್ತಿತ್ತು. ರಾತ್ರಿ ಎಲ್ಲರೂ ಮಾಳಿಗೆಗೆ ಹೋದರೆ ಆಯಿ ನನ್ನ ಪಕ್ಕ ಕೆಳಗೇ ಮಲಗುತ್ತಿದ್ದರು. ಅವರಿಗೂ ಸೆಕೆ, ಬೀಸಣಿಗೆ ಇಬ್ಬರಿಗೂ ಒಂದೇ. ಮತ್ತೆ ನಾನು ಏನು ಮಾಡುತ್ತಿದ್ದೆ ಗೊತ್ತಾ? ಮಲಗಿದಲ್ಲೇ ಲೆಕ್ಕ ಹಾಕುತ್ತಿದ್ದೆ. ಆಟೋಗೆ ಎಷ್ಟು, ಡಾಕ್ಟರಿಗೆ ಎಷ್ಟು, ಔಷಧಿಗೆ ಎಷ್ಟು, ನಾಲ್ಕು ದಿನದ ಹಾಲಿಗೆ ಎಷ್ಟು. ಐದನೇ ದಿನ ನನ್ನ ಮನೆಗೆ ಬಂದವಳೇ ಎರಡು ಸಾವಿರ ರೂಪಾಯಿ ಒಂದು ಕವರಿನಲ್ಲಿ ಹಾಕಿ ಕಾಕಾನಿಗೆ ಕೊಟ್ಟೆ. ಕಾಕಾ ಏನೂ ಅನ್ನಲಿಲ್ಲ. ತೆಗೆದುಕೊಂಡು ದೇವರ ಜಗಲಿಯ ಮೇಲೆ ಇಟ್ಟರು. ನನಗೆ ಹಾಯೆನಿಸಿತು.

ಮರುದಿನ ಬೆಳಗ್ಗೆ ಡಬ್ಬಿ ಬಂತು. ಹತ್ತು ತಿಂಗಳ ಮೇಲೆ, ಅದೇ ಡಬ್ಬಿ. ಸೊಸೆ ಕೊಟ್ಟು ಹೋದಳು. ಮೇಲೆ ಮಡಚಿಟ್ಟ ಮೆತ್ತನೆ ರೊಟ್ಟಿ, ಪುಂಡಿ ಪಲ್ಯ. ರೊಟ್ಟಿ ಎತ್ತಿದರೆ ಅಡಿಯಲ್ಲಿ ಕವರ್. ಒಡೆದಿರಲಿಲ್ಲ. ಒಂದು ಮೂಲೆಗೆ ಎಣ್ಣೆ ಹತ್ತಿತ್ತು. ನಾನು ಅದನ್ನು ಹಿಡಿದು ಎಷ್ಟೋ ಹೊತ್ತು ಕೂತೆ. ಸಂಜೆ ಆಯಿ ಕಟ್ಟೆಯ ಮೇಲೆ ಕೂತಿದ್ದರು. ನಾನು ಕವರಿನ ಮಾತು ಎತ್ತಬೇಕು ಅಂತ ಹೋದೆ. "ಬಾ ತಂಗಿ, ಕೂಡು" ಅಂದರು. ಮೇಡಂ ಹೋಗಿತ್ತು, ರಿ ಹೋಗಿತ್ತು. ನಾನು ಕೂತೆ. ಕವರಿನ ಮಾತು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. "ಅಕ್ಕಾ" ಅಂತ ನಾನು ಏನೋ ಹೇಳಲು ಹೋದರೆ, "ನಾ ನಿನಗ ಅಕ್ಕ ಆಗ್ತೀನೇನು? ಆಯಿ ಅನ್ನು" ಅಂದರು. ಆ ಡಬ್ಬಿಯನ್ನು ನಾನು ವಾಪಸ್ ಕೊಟ್ಟಿದ್ದು ಮೂರು ವಾರ ಬಿಟ್ಟು. ಬೇಕಂತಲೇ ತಡಮಾಡಿದ್ದಲ್ಲ. ಮರೆತೇ ಹೋಗಿತ್ತು. ನನ್ನ ಜನ್ಮದಲ್ಲಿ ನಾನು ಮರೆತ ಮೊದಲ ಬಾಕಿ ಅದು.

ಬ್ಯಾಂಕಿನಲ್ಲಿ ನಮಗೆ ಚುಕ್ತಾ ಅಂದರೆ ಒಳ್ಳೆಯ ಮಾತು. ಸಾಲ ತೀರಿದವರ ಮುಖ ನೋಡಬೇಕು, ಬೇಬಾಕಿ ಪತ್ರ ಕೈಗೆ ಸಿಕ್ಕಾಗ. ಆದರೆ ಸುಮ್ನೆ ಯೋಚಿಸಿ, ನಮ್ಮ ಮಾತಿನಲ್ಲಿ ಋಣ ತೀರಿತು ಅಂತ ಯಾವಾಗ ಹೇಳುತ್ತೇವೆ? ಊರು ಬಿಡುವಾಗ. ಇಲ್ಲ ಸತ್ತಾಗ. ಬಂದ ಎರಡನೇ ವಾರಕ್ಕೇ ನಾನು ಪೇಡೆ ತುಂಬಿಸಿ ಆ ಮಾತು ಹೇಳಿಬಿಟ್ಟಿದ್ದೆ. ಲೆಕ್ಕ ಎಲ್ಲಿಗೂ ಸೇರದ ಹಣವನ್ನು ನಾವು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ಕೇಳುವುದೇ ಅದನ್ನು, ಯಾಕೆ ಇನ್ನೂ ತೆರವು ಮಾಡಿಲ್ಲ ಅಂತ. ಈ ಓಣಿ ಪೂರ್ತಿ ನಡೆಯುವುದು ಸಸ್ಪೆನ್ಸ್ ಖಾತೆಯ ಮೇಲೇ.

ಡಬ್ಬಿ ಹೋಗದ ಮನೆಗಳು

ಇಷ್ಟು ಹೇಳಿ ನಿಲ್ಲಿಸಿದರೆ ಚೆಂದದ ಕತೆ ಆಗುತ್ತದೆ, ಆದರೆ ಅದು ಪೂರ್ತಿ ಖರೆ ಅಲ್ಲ. ಮನೆ ಕೇಳಲು ಹೋದಾಗ ಮಾಲೀಕರು ಬಾಡಿಗೆಗೂ ಮುಂಚೆ ಕೇಳಿದ್ದು, "ನಿಮ್ದು ಯಾವ ಮಂದಿ?" ಅಂತ. ನಮ್ಮ ಕಡೆಯೂ ಕೇಳುತ್ತಾರೆ, ಸುತ್ತಿ ಬಳಸಿ, ಮನೆತನದ ಹೆಸರು ಕೇಳಿ ತಿಳಿದುಕೊಳ್ಳುತ್ತಾರೆ. ಇಲ್ಲಿ ನೇರ. ಮೀನು ಬೇಯಿಸಬಾರದು ಅನ್ನುವ ಷರತ್ತಿನ ಮೇಲೆ ಮನೆ ಸಿಕ್ಕಿತು. ನಾನು ಒಪ್ಪಿದೆ. ಅಮ್ಮ ಕಳಿಸುವ ಒಣಮೀನನ್ನು ಈ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಈ ಮನೆಯಲ್ಲಿ ಸುಟ್ಟಿಲ್ಲ. ಎರಡು ವರ್ಷ ಬಿಟ್ಟು ನಮ್ಮ ಶಾಖೆಗೆ ದಕ್ಷಿಣದ ಕಡೆಯಿಂದಲೇ ಇನ್ನೊಬ್ಬರು ಬಂದರು. ನಮ್ಮ ಓಣಿಯ ತುದಿಯಲ್ಲಿ ಮನೆ ಖಾಲಿ ಇದೆ ಅಂತ ನಾನೇ ಕರೆದುಕೊಂಡು ಹೋದೆ. ಅದೇ ಪ್ರಶ್ನೆ. ಅವರು ಉತ್ತರ ಹೇಳಿದರು. ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟುಬಿಟ್ಟಿದ್ದೇವೆ ಅಂದರು ಮಾಲೀಕರು. ಆ ಮನೆ ಆಮೇಲೆ ನಾಲ್ಕು ತಿಂಗಳು ಖಾಲಿ ಇತ್ತು. ನಾನು ಏನೂ ಕೇಳಲಿಲ್ಲ. ಕಟ್ಟೆಯ ಮೇಲೆ ಕೂರಲು ಆಗಷ್ಟೇ ಜಾಗ ಸಿಕ್ಕಿತ್ತು, ಅದನ್ನು ಕಳೆದುಕೊಳ್ಳುವ ಧೈರ್ಯ ಇರಲಿಲ್ಲ ಅಂತ ಈಗ ಅನ್ನಿಸುತ್ತದೆ. ಅವರು ರಿಂಗ್ ರೋಡಿನ ಆಚೆ ಒಂದು ಬಡಾವಣೆಯಲ್ಲಿ ಮನೆ ಮಾಡಿದರು. ಅವರ ಪಕ್ಕದ ಮನೆಯಿಂದ ಅವರಿಗೂ ಡಬ್ಬಿ ಬರುತ್ತದೆ, ಈದಿಗೆ ಶೀರ್‌ಖುರ್ಮಾ, ಉಳಿದ ದಿನ ಬೇರೆ ಬೇರೆ. ನನಗೆ ಬರುವ ಡಬ್ಬಿಗಿಂತ ಅದು ದೊಡ್ಡದು ಅಂತ ಅವರು ಚೇಷ್ಟೆ ಮಾಡುತ್ತಾರೆ.

ಒಮ್ಮೆ ನಾವಿಬ್ಬರೂ ರಜೆಯ ದಿನ ಬೀದರಿಗೆ ಹೋಗಿದ್ದೆವು, ಮಹಮೂದ್ ಗವಾನ್‌ನ ಮದರಸಾ ನೋಡಲು. 1472ರಲ್ಲಿ ಕಟ್ಟಿದ್ದು. ಅರ್ಧ ಬಿದ್ದಿದೆ. ಉಳಿದ ಮಿನಾರಿನ ಮೇಲೆ ನೀಲಿ ಹೆಂಚಿನ ಚೂರುಗಳು ಈಗಲೂ ಹೊಳೆಯುತ್ತವೆ. ಇರಾನಿನಿಂದ ವ್ಯಾಪಾರಕ್ಕೆ ಬಂದ ಮನುಷ್ಯ, ಬಹಮನಿಗಳ ಮಂತ್ರಿಯಾದ. ಆ ದರ್ಬಾರಿನಲ್ಲಿ ಎರಡು ಪಂಗಡ, ಮುಂಚಿನಿಂದ ಇದ್ದ ದಖ್ಖನಿಗಳು, ಹೊರಗಿನಿಂದ ಬಂದ ಅಫಾಕಿಗಳು. ಅವನು ಇಲ್ಲಿ ಮೂವತ್ತು ವರ್ಷದ ಹತ್ತಿರ ಇದ್ದ. ಆದರೂ ಹೊರಗಿನವನೇ. ವೈರಿಗಳು ಕಳ್ಳ ಪತ್ರ ಸೃಷ್ಟಿಸಿದರು, ಸುಲ್ತಾನ ಅದನ್ನು ನಂಬಿ 1481ರಲ್ಲಿ ಕೊಲ್ಲಿಸಿದ. ಕೊಲ್ಲಿಸಿದ ಮೇಲೆ ಪಶ್ಚಾತ್ತಾಪ ಪಟ್ಟನಂತೆ. "ಮೂವತ್ತು ವರ್ಷ ಆದ್ರೂ ಇಷ್ಟೇ ಅಂದ್ರೆ ನಮ್ಮ ಕತೆ?" ಅಂತ ನಮ್ಮ ಸಹೋದ್ಯೋಗಿ ಮೆಟ್ಟಿಲ ಮೇಲೆ ಕೂತು ಕೇಳಿದರು. ಇಬ್ಬರೂ ನಕ್ಕೆವು. ಅವರ ನಗು ನನ್ನದಕ್ಕಿಂತ ಬೇಗ ನಿಂತಿತು.

ಅಮ್ಮ ಬಂದದ್ದು

ಮೂರನೇ ವರ್ಷದ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಅಮ್ಮ ಬಂದರು. 2019ರ ಜನವರಿ. ಅಷ್ಟರಲ್ಲಿ ನನ್ನ ಹತ್ತಿರ ಒಂದು ಸಿದ್ಧಾಂತವೇ ತಯಾರಾಗಿತ್ತು. ನಾವು ಕರಾವಳಿಯವರು ದೂರ ದೂರ ಮನೆ ಕಟ್ಟಿಕೊಂಡವರು, ನಮಗೆ ಬೇಡ ಅಂದರೆ ಬೇಡ, ಒಬ್ಬರಿಗೆ ತೊಂದರೆ ಕೊಡದೆ ಇರುವುದೇ ಮರ್ಯಾದೆ. ಇವರು ಬಯಲಿನವರು, ಓಣಿಯವರು, ಇವರಿಗೆ ಕೊಡುವುದು ತಗೊಳ್ಳುವುದೇ ಮರ್ಯಾದೆ. ಎಷ್ಟು ನೀಟಾಗಿದೆ ಅಲ್ವಾ? ಊರಿಗೆ ಹೋದಾಗ ಎಲ್ಲರಿಗೂ ಹೇಳುತ್ತಿದ್ದೆ.

ಎಳ್ಳಮಾಸಿಗೆ ಇಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯಲೇಬೇಕು. ಆಯಿಯ ತಮ್ಮನ ಹೊಲ ಆಳಂದದ ದಾರಿಯಲ್ಲಿ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹದಿನೆಂಟು ಜನ, ಅವರ ನಡುವೆ ಸೆರಗು ಬಿಗಿಹಿಡಿದ ನಮ್ಮಮ್ಮ. ಇಳಿದಾಗ ಅಮ್ಮ ಒಂದು ನಿಮಿಷ ಸುಮ್ಮನೆ ನಿಂತರು. ಕರಿ ಮಣ್ಣು, ಎದೆಯೆತ್ತರ ಬಿಳಿಜೋಳ, ಆಚೆ ಒಣಗುತ್ತಿರುವ ತೊಗರಿ, ಅದರಾಚೆ ಆಕಾಶ. ಒಂದು ಮರ ಇಲ್ಲ. "ಎಷ್ಟು ದೂರ ಕಾಣ್ತದೆ ಮಾರಾಯ್ತಿ" ಅಂದರು ತುಳುವಿನಲ್ಲಿ. ನಮ್ಮ ಮನೆಯ ಅಂಗಳದಲ್ಲಿ ನಿಂತರೆ ಐವತ್ತು ಅಡಿ ಆಚೆ ಅಡಿಕೆ ಮರ, ಮುಗಿಯಿತು. ನನಗೂ ಮೊದಲ ತಿಂಗಳು ಹಾಗೇ ಆಗಿತ್ತು, ಕಣ್ಣಿಗೆ ಒರಗಲು ಏನೂ ಇಲ್ಲದ ಹಾಗೆ. ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರ ಪೂಜೆ ಮಾಡಿದರು, ಗಂಡಸರು ಕೂಗುತ್ತಾ ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಯ ನೈವೇದ್ಯ, ಚೆಲ್ಲಿದರು, ಆಮೇಲೆ ಊಟಕ್ಕೆ ಕೂತೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ. ಮತ್ತೆ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ, ಹಸಿ ತೊಗರಿಕಾಳು, ಅವರೆ, ಕಡಲೆ, ಬದನೆ, ಮೆಂತ್ಯೆ ಸೊಪ್ಪು, ಕೈಗೆ ಸಿಕ್ಕಿದ್ದೆಲ್ಲ ಸೇರಿ ಕುದಿಯುವ ಗಟ್ಟಿ ಪಲ್ಯ.

ಆಯಿ ಬಡಿಸಲು ಬಂದರು. ಅಮ್ಮ ಕೈ ಅಡ್ಡ ಹಿಡಿದು "ಬೊಡ್ಚಿ, ಬೊಡ್ಚಿ" ಅಂದರು. ಬೇಡ ಅಂತ. ಆಯಿ ಕೈಯ ಸಂದಿಯಿಂದಲೇ ಹೋಳಿಗೆ ಜಾರಿಸಿದರು. "ಬೊಡ್ಚಿ ಅಂದ್ರ ಇನ್ನೊಂದು ಹಾಕು ಅಂತೇನು ತಂಗಿ?" ಹದಿನೆಂಟು ಜನವೂ ನಕ್ಕರು. ಮಕ್ಕಳಿಗೆ ಅದೇ ಆಟ ಆಯಿತು, ಎಲ್ಲರೂ ಬೊಡ್ಚಿ ಬೊಡ್ಚಿ ಅನ್ನುತ್ತಾ ಬಡಿಸಿಕೊಂಡರು. ನಾನು ಅಮ್ಮನ ಕಿವಿಯಲ್ಲಿ ನನ್ನ ಸಿದ್ಧಾಂತ ಹೇಳಿದೆ, ನಮ್ಮ ಹಾಗಲ್ಲ ಇವರು, ಬೇಡ ಅಂದರೆ ಕೇಳುವುದಿಲ್ಲ ಅಂತ.

ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. "ನಿಂಗೆ ಯಾರು ಹೇಳಿದ್ದು ನಮ್ಮಲ್ಲಿ ಹಾಗಿಲ್ಲ ಅಂತ? ಹಲಸಿನ ಹಣ್ಣು ಕೊರೆದ ದಿನ ತೋಟದ ಆಚೆಯ ಮನೆಗೆ ಪಾತ್ರೆ ಹೋಗದೆ ನಿನ್ನಜ್ಜಿ ಊಟಕ್ಕೆ ಕೂತದ್ದುಂಟಾ? ಆ ಮನೆಯ ಎರಡು ಪಾತ್ರೆ ಈಗಲೂ ನಮ್ಮ ಅಟ್ಟದಲ್ಲಿ ಉಂಟು. ನೀನು ಎಂಟನೇ ಕ್ಲಾಸಿಂದ ಹಾಸ್ಟೆಲಿನಲ್ಲಿ ಇದ್ದವಳು. ನಿಂಗೆಂತ ಗೊತ್ತು?"

ಏನು ಹೇಳುವುದು? ಹೌದಲ್ಲ. ಹಾಸ್ಟೆಲಿನಲ್ಲಿ ನನ್ನ ಬಕೆಟ್ ನನ್ನದು, ನಿನ್ನ ಸೋಪು ನಿನ್ನದು. ಆಮೇಲೆ ಮಂಗಳೂರಿನಲ್ಲಿ ಪಿ.ಜಿ., ಬೆಂಗಳೂರಿನಲ್ಲಿ ತರಬೇತಿ, ಹೋಟೆಲ್ ಬಿಲ್ ನಾಲ್ಕು ಜನರ ನಡುವೆ ಭಾಗ ಮಾಡುವುದು, ಪೈಸೆ ಬಿಡದೆ. ನಾನು ಕರಾವಳಿಯ ಗುಣ ಅಂತ ಇಲ್ಲಿಯವರಿಗೆ ತೋರಿಸುತ್ತಿದ್ದದ್ದು ಹಾಸ್ಟೆಲಿನ ಗುಣ. ಹಾಗಾದರೆ ಕಲಬುರಗಿಯ ಗುಣ ಅಂತ ನಾನು ಅಂದುಕೊಂಡದ್ದು? ಅದನ್ನು ಯೋಚಿಸುತ್ತಿದ್ದಂತೆ ಆಯಿಯ ಮೊಮ್ಮಗ ನೆನಪಾದ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ದೀಪಾವಳಿಗೆ ಬಂದವನು ಆಯಿ ಕಟ್ಟಿಕೊಟ್ಟ ಹಿಂಡಿ ಡಬ್ಬಿಯನ್ನು "ಬ್ಯಾಡ ಆಯಿ, ವಾಪಸ್ ಕಳಸೋದು ತ್ರಾಸ ಆಗ್ತದ" ಅಂತ ಬಿಟ್ಟು ಹೋಗಿದ್ದ. ಆಯಿ ಅವತ್ತು ಡಬ್ಬಿಯನ್ನು ನಮ್ಮ ಮನೆಗೆ ತಂದುಕೊಟ್ಟಿದ್ದರು, ಏನೂ ಹೇಳದೆ.

ಅಮ್ಮ ಎಂಟು ದಿನ ಇದ್ದರು. ಆಯಿಗೂ ಅವರಿಗೂ ಅರ್ಧ ಮಾತು ತಿಳಿಯುತ್ತಿರಲಿಲ್ಲ, ಇಬ್ಬರೂ ನಿಲ್ಲಿಸಲೂ ಇಲ್ಲ. ಹೊರಡುವ ದಿನ ಆಯಿ ಐದು ಕಿಲೋ ತೊಗರಿಬೇಳೆ ಕಟ್ಟಿಕೊಟ್ಟರು. ಇಲ್ಲಿಯ ತೊಗರಿಗೆ ಅದೇ ವರ್ಷ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು, ಅಮ್ಮನಿಗೆ ಅದೆಲ್ಲ ಬೇಡ. ಕಲಬುರಗಿ ಹೇಗಿದೆ ಅಂತ ಯಾರಾದರೂ ಕೇಳಿದರೆ ಇವತ್ತಿಗೂ ಅವರ ಉತ್ತರ ಒಂದೇ, "ಬೇಳೆ ಬೇಗ ಬೇಯ್ತದೆ." ಅಮ್ಮ ತಂದಿದ್ದ ಹಲಸಿನ ಹಪ್ಪಳವನ್ನು ಆಯಿಗೆ ಕೊಟ್ಟದ್ದು ನಮ್ಮ ಮನೆಯ ಡಬ್ಬಿಯಲ್ಲಿ. ಅಪ್ಪನ ಹೆಸರು, 'ಪುತ್ತೂರು', '1994' ಅಂತ ಮುಚ್ಚಳದ ಮೇಲೆ ಕೊರೆಸಿದ್ದು. "ಡಬ್ಬಿ ವಾಪಸ್ ಕೇಳ್ಬೇಡ" ಅಂತ ಬಸ್ ಹತ್ತುವಾಗ ನನಗೆ ಹೇಳಿದರು. ನಾನು ಕೇಳಲಿಲ್ಲ.

ಶಾಖೆ ಮೂರು ಬದಲಾಯಿತು, ಮನೆ ಬದಲಾಗಲಿಲ್ಲ. ಹೋದ ನಾಗರ ಪಂಚಮಿಗೆ ಓಣಿಯ ಆ ತುದಿಯ ಮನೆಯವರು ಉಂಡೆ ಕಳಿಸಿದರು. ಹಿಂದೆ ಖಾಲಿ ಇದ್ದ ಮನೆ, ಈಗ ಬಾಡಿಗೆಗೆ ಇರುವವರು ಬಸವಕಲ್ಯಾಣದ ಕಡೆಯವರು, ಬಂದು ವರ್ಷವೂ ಆಗಿಲ್ಲ, ನನಗೆ ಅವರ ಹೆಸರೂ ಸರಿಯಾಗಿ ಗೊತ್ತಿಲ್ಲ. ಹುಡುಗಿ ಡಬ್ಬಿ ಕೊಟ್ಟು ಓಡಿದಳು. ಡಬ್ಬಿ ಯಾರದ್ದೋ, ಹೆಸರು ಸವೆದುಹೋಗಿದೆ. ಮುಚ್ಚಳ ನೋಡಿದೆ. ಪುತ್ತೂರು, 1994. ಅದಕ್ಕೂ ಇದಕ್ಕೂ ಅಳತೆ ಕೂರುವುದಿಲ್ಲ, ಜಾರಬಾರದು ಅಂತ ಎರಡು ರಬ್ಬರ್ ಬ್ಯಾಂಡ್ ಹಾಕಿದ್ದರು.